ಬಾಯ್ಲರ್ ಕಾಂಟ್ರಾಕ್ಟಿನ ದಿನಾಂಕಗಳನ್ನು ನಾನು ನೋಡಿಕೊಳ್ಳುವ ಬಗೆ

ಮನೆ ಬೆಚ್ಚಗಿಡುವ ವ್ಯವಸ್ಥೆಗೆ ಸಂಬಂಧಿಸಿ ನನ್ನ ಹತ್ತಿರ ಇರುವ ಕಾಗದಗಳಲ್ಲಿ ಮೂರು ಬಗೆಯ ದಿನಾಂಕಗಳಿವೆ. ಒಂದು, ನಿರ್ವಹಣಾ ಕಾಂಟ್ರಾಕ್ಟ್ ಮುಗಿಯುವ ದಿನ. ಇನ್ನೊಂದು, ಟೆಕ್ನಿಷಿಯನ್ ಬಂದು ಬಾಯ್ಲರ್ (ಮನೆ ಬೆಚ್ಚಗಿಡಲು ನೀರು ಕಾಯಿಸುವ ಯಂತ್ರ) ಬಿಚ್ಚಿ ಸರ್ವೀಸ್ ಮಾಡಿಹೋದ ದಿನ. ಮತ್ತೊಂದು, ಬಾಯ್ಲರ್ ಕೂರಿಸಿ ಮೊದಲ ಸಲ ಚಾಲೂ ಮಾಡಿದ ದಿನ; ತಯಾರಕರ ವಾರಂಟಿ ಸಾಮಾನ್ಯವಾಗಿ ಅಲ್ಲಿಂದಲೇ ಲೆಕ್ಕಕ್ಕೆ ಬರುತ್ತದೆ. ಇವು ಮೂರೂ ವರ್ಷದ ಬೇರೆ ಬೇರೆ ತಿಂಗಳಲ್ಲಿ ಬೀಳುತ್ತವೆ. ಕಾಂಟ್ರಾಕ್ಟ್ ಚಾಲ್ತಿಯಲ್ಲಿದೆ ಎಂದ ಮಾತ್ರಕ್ಕೆ ಸರ್ವೀಸ್ ಆಗಿದೆ ಎಂದರ್ಥವಲ್ಲ. ಸರ್ವೀಸ್ ಆಗಿದೆ ಎಂದ ಮಾತ್ರಕ್ಕೆ ವಾರಂಟಿಯ ಷರತ್ತು ಪೂರೈಸಿತು ಎಂದೂ ಹೇಳಲಾಗದು. ನಮ್ಮ ಮನೆಯದರ ಜೊತೆ ಅಕ್ಕನ ಮನೆಯ ವ್ಯವಸ್ಥೆಯನ್ನೂ ನಾನೇ ನೋಡಿಕೊಳ್ಳುವುದರಿಂದ ಈ ಮೂರನ್ನೂ ಒಂದೇ ಹಾಳೆಗೆ ತರುವುದು ನನಗೆ ಅನಿವಾರ್ಯವಾಯಿತು. ಹಾಗೆ ಮಾಡುತ್ತಾ ಬಂದ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಕಾಂಟ್ರಾಕ್ಟಿನ ವಿಷಯ. ಬಹುಪಾಲು ಜನ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳುವುದು ಅದು ಮುಗಿಯುವ ದಿನವನ್ನು. ನನ್ನ ಪ್ರಕಾರ ಆ ದಿನಕ್ಕೆ ಅಷ್ಟೊಂದು ಬೆಲೆಯಿಲ್ಲ. ಏಕೆಂದರೆ ಅನೇಕ ನಿರ್ವಹಣಾ ಕಾಂಟ್ರಾಕ್ಟುಗಳು ನಾವು ಬೇಡ ಎನ್ನದಿದ್ದರೆ ತಾವಾಗಿಯೇ ನವೀಕರಣವಾಗುತ್ತವೆ, ಬೇಡ ಎನ್ನುವುದಕ್ಕೂ ಒಂದು ಗಡುವು ಇರುತ್ತದೆ. ಕಾಂಟ್ರಾಕ್ಟ್ ಡಿಸೆಂಬರ್ 31ಕ್ಕೆ ಮುಗಿಯುತ್ತದೆ, ಎರಡು ತಿಂಗಳು ಮುಂಚೆ ನೋಟಿಸ್ ಕೊಡಬೇಕು ಎಂದಿದ್ದರೆ ನಮ್ಮ ಕೈಯಲ್ಲಿರುವ ನಿಜವಾದ ಕೊನೆಯ ದಿನ ಅಕ್ಟೋಬರ್ 31. ನವೆಂಬರ್ ಒಂದರಂದು ಎಚ್ಚೆತ್ತವರಿಗೆ ಇನ್ನೊಂದು ಅವಧಿ ಅದೇ ಕಂಪನಿ, ಅದೇ ಷರತ್ತು. ಆದ್ದರಿಂದ ಹೊಸ ಕಾಂಟ್ರಾಕ್ಟ್ ಕೈಗೆ ಬಂದ ಕೂಡಲೇ ನಾನು ಹುಡುಕುವ ಸಾಲು ಇದೇ: ನೋಟಿಸ್ ಎಷ್ಟು ಮುಂಚೆ, ಯಾವ ರೂಪದಲ್ಲಿ, ಅಷ್ಟರೊಳಗೆ ಕಳಿಸಿದರೆ ಸಾಕೋ ಅವರಿಗೆ ತಲುಪಿರಬೇಕೋ. ಕಳಿಸುವುದಕ್ಕೂ ತಲುಪುವುದಕ್ಕೂ ನಡುವೆ ಅಂಚೆಯ ದಿನಗಳು, ರಜೆಗಳು ಬರುತ್ತವೆ. ರಿಜಿಸ್ಟರ್ಡ್ ಅಂಚೆಯೇ ಆಗಬೇಕು ಎಂದು ಬರೆದಿರುವ ಕಡೆ ಇಮೇಲ್ ಕಳಿಸಿ ನೆಮ್ಮದಿಯಿಂದ ಇರಲಾಗದು.

ಈ ಗಡುವಿಗಿಂತ ಐದಾರು ವಾರ ಹಿಂದೆ ಒಂದು ದಿನವನ್ನು ನಾನು ಗೊತ್ತುಮಾಡಿಕೊಳ್ಳುತ್ತೇನೆ. ನನ್ನ ಹಾಳೆಯಲ್ಲಿ ಅದರ ಹೆಸರು ‘ನಿರ್ಧಾರದ ದಿನ’. ಕ್ಯಾಲೆಂಡರ್ ನನ್ನನ್ನು ಎಚ್ಚರಿಸಬೇಕಾದದ್ದು ಆ ದಿನ. ಆಗ ಬೇರೆ ಕಂಪನಿಗಳನ್ನು ವಿಚಾರಿಸಲು, ಈಗಿನವರ ಜೊತೆ ದರ ಮಾತಾಡಲು, ಪತ್ರ ಬರೆದು ಅದು ತಲುಪಿದ ರಸೀದಿ ಪಡೆಯಲು ಸಮಯ ಸಿಗುತ್ತದೆ. ಗಡುವಿನ ದಿನವೇ ಬಂದು ನಿಲ್ಲುವ ರಿಮೈಂಡರಿನಿಂದ ಗಾಬರಿಯ ಹೊರತು ಬೇರೇನೂ ಹುಟ್ಟುವುದಿಲ್ಲ.

ಕಾನೂನು ಕೆಲವು ದೇಶಗಳಲ್ಲಿ ಗ್ರಾಹಕರ ಕಡೆಗಿದೆ. ಜರ್ಮನಿಯಲ್ಲಿ 2022ರ ಮಾರ್ಚ್ 1ರಿಂದ ಮಾಡಿಕೊಂಡ ಇಂಥ ಗ್ರಾಹಕ ಕಾಂಟ್ರಾಕ್ಟುಗಳು ತಾವಾಗಿಯೇ ಮುಂದುವರಿದರೆ, ಆಮೇಲೆ ಒಂದು ತಿಂಗಳ ನೋಟಿಸಿನಲ್ಲಿ ಯಾವಾಗ ಬೇಕಾದರೂ ಹೊರಬರಬಹುದು. ಫ್ರಾನ್ಸಿನಲ್ಲಿ 2005ರ ಶಾತೆಲ್ ಕಾಯ್ದೆಯ ಪ್ರಕಾರ, ಬೇಡ ಎನ್ನುವ ಗಡುವಿಗೆ ಮೂರು ತಿಂಗಳಿಂದ ಒಂದು ತಿಂಗಳು ಮುಂಚಿನ ಅವಧಿಯಲ್ಲಿ ಕಂಪನಿಯೇ ಗ್ರಾಹಕರಿಗೆ ಲಿಖಿತವಾಗಿ ತಿಳಿಸಬೇಕು. ತಿಳಿಸದಿದ್ದರೆ ನವೀಕರಣದ ನಂತರವೂ ಯಾವಾಗ ಬೇಕಾದರೂ ಖರ್ಚಿಲ್ಲದೆ ಬಿಡಬಹುದು. ನೀವಿರುವ ಕಡೆಯ ನಿಯಮವನ್ನು ಒಮ್ಮೆ ಕೂತು ಓದಿ, ಅದರ ಸಾರವನ್ನು ಎರಡು ಸಾಲಲ್ಲಿ ಕಾಂಟ್ರಾಕ್ಟಿನ ಮೇಲೇ ಬರೆದಿಡಿ. ಆದರೆ ಕಂಪನಿಯವರು ತಿಳಿಸುತ್ತಾರೆ ಎಂಬುದರ ಮೇಲೆ ಮಾತ್ರ ಲೆಕ್ಕ ನಿಲ್ಲಿಸಬೇಡಿ. ಅವರ ಪತ್ರ ಜಾಹೀರಾತಿನ ರಾಶಿಯಲ್ಲಿ ಸೇರಿಹೋಗುವುದು ಸುಲಭ.

ಇನ್ನು ಸರ್ವೀಸ್. ನನಗೆ ಅತ್ಯಂತ ಮುಖ್ಯ ಎನಿಸಿರುವ ಭಾಗ ಇದು. ಕಾಂಟ್ರಾಕ್ಟಿನಲ್ಲಿ ‘ವರ್ಷಕ್ಕೊಂದು ಸರ್ವೀಸ್’ ಎಂದಿರುತ್ತದೆ, ಆದರೆ ಫೋನ್ ಮಾಡಿ ದಿನ ಗೊತ್ತುಮಾಡಬೇಕಾದವರು ಯಾರು ಎಂಬುದು ಎಷ್ಟೋ ಸಲ ಸ್ಪಷ್ಟವಾಗಿರುವುದಿಲ್ಲ. ಕೆಲವರು ತಾವೇ ಕರೆ ಮಾಡುತ್ತಾರೆ. ಕೆಲವರು ನಾವು ಕೇಳುವ ತನಕ ಸುಮ್ಮನಿರುತ್ತಾರೆ, ಹಣ ಮಾತ್ರ ತಿಂಗಳು ತಿಂಗಳು ಖಾತೆಯಿಂದ ಹೋಗುತ್ತಿರುತ್ತದೆ. ಹಣ ಹೋಗುತ್ತಿರುವುದನ್ನು ಕಂಡು ಕೆಲಸವೂ ನಡೆಯುತ್ತಿದೆ ಎಂದುಕೊಳ್ಳುವುದು ಸಹಜ. ಅದಕ್ಕೇ ನಾನು ಹಾಳೆಯಲ್ಲಿ ‘ಕಾಂಟ್ರಾಕ್ಟ್ ಚಾಲ್ತಿ’ ಮತ್ತು ‘ಸರ್ವೀಸ್ ಆಗಿದೆ’ ಎಂದು ಎರಡು ಬೇರೆ ಕಾಲಂ ಇಟ್ಟಿದ್ದೇನೆ. ಎರಡನೆಯದನ್ನು ತುಂಬಿಸುವುದು ಟೆಕ್ನಿಷಿಯನ್ ಸಹಿ ಮಾಡಿದ ವರದಿ ಕೈಗೆ ಬಂದ ಮೇಲೆ ಮಾತ್ರ. ಅಪಾಯಿಂಟ್‌ಮೆಂಟ್ ಸಿಕ್ಕಿತು ಎಂಬ ಕಾರಣಕ್ಕೆ ಅದನ್ನು ತುಂಬಿಸುವುದಿಲ್ಲ.

ಸರ್ವೀಸಿನ ದಿನಾಂಕಕ್ಕೆ ಇನ್ನೊಂದು ಗುಣವಿದೆ: ಅದು ಮೆಲ್ಲಗೆ ಸರಿಯುತ್ತದೆ. ಈ ವರ್ಷ ಆಗಸ್ಟಿನಲ್ಲಿ ಮಾಡಿಸಿದಿರಿ, ಮುಂದಿನ ವರ್ಷ ದಿನ ಸಿಗದೆ ಸೆಪ್ಟೆಂಬರ್ ಆಯಿತು, ಆಮೇಲೆ ಅಕ್ಟೋಬರ್. ಕೆಲವೇ ವರ್ಷಗಳಲ್ಲಿ ಅದು ಚಳಿಯ ನಡುವೆ ಬಂದು ಕೂರುತ್ತದೆ. ಮೊದಲ ಚಳಿ ಬಿದ್ದ ವಾರದಲ್ಲಿ ಎಲ್ಲರೂ ಬಾಯ್ಲರ್ ಹಚ್ಚುತ್ತಾರೆ, ಕೆಟ್ಟದ್ದು ಗೊತ್ತಾಗುವುದು ಆಗಲೇ, ಟೆಕ್ನಿಷಿಯನ್‌ಗಳಿಗೆ ಉಸಿರಾಡಲೂ ಬಿಡುವಿರುವುದಿಲ್ಲ. ಸರ್ವೀಸನ್ನು ಬೇಸಿಗೆಯ ಕೊನೆಗೆ ಕಟ್ಟಿಹಾಕುವುದೇ ಸರಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಆಗ ಬಿಡಿಭಾಗ ತರಿಸಬೇಕಾಗಿ ಬಂದರೂ ಮನೆಯವರು ಚಳಿಯಲ್ಲಿ ಕೂರಬೇಕಾಗಿಲ್ಲ.

ಸರಿಯುವುದನ್ನು ತಡೆಯಲು ಒಳ್ಳೆಯ ಉಪಾಯವೊಂದು ಬ್ರಿಟನ್ನಿನ ನಿಯಮದಲ್ಲಿದೆ. ಅಲ್ಲಿ ಬಾಡಿಗೆ ಮನೆಯ ಮಾಲೀಕರು ಗ್ಯಾಸ್ ಉಪಕರಣಗಳ ಸುರಕ್ಷತಾ ತಪಾಸಣೆಯನ್ನು 12 ತಿಂಗಳಿಗೊಮ್ಮೆ ಮಾಡಿಸಲೇಬೇಕು. 2018ರ ಏಪ್ರಿಲ್‌ನ ತಿದ್ದುಪಡಿಯ ನಂತರ ಗಡುವಿಗೆ ಮುಂಚಿನ ಎರಡು ತಿಂಗಳೊಳಗೆ ಯಾವಾಗ ಮಾಡಿಸಿದರೂ ಮುಂದಿನ ವರ್ಷದ ಗಡುವು ಹಳೆಯ ದಿನಾಂಕದಲ್ಲೇ ಉಳಿಯುತ್ತದೆ. ನನ್ನ ಹಾಳೆಯಲ್ಲೂ ಇದನ್ನೇ ಅನುಸರಿಸುತ್ತೇನೆ: ‘ಆಗಬೇಕಾದ ದಿನ’ ಬೇರೆ, ‘ಆದ ದಿನ’ ಬೇರೆ. ಆಗಬೇಕಾದ ದಿನ ಪ್ರತಿ ವರ್ಷ ಅದೇ. ಆದ ದಿನ ಅದಕ್ಕಿಂತ ಮುಂಚೆ ಎಲ್ಲಿ ಬಿದ್ದರೂ ಸರಿ, ಆಚೆ ಬೀಳಕೂಡದು.

ಒಂದು ಎಚ್ಚರಿಕೆ ಇಲ್ಲಿ ಬೇಕು. ವಾರಂಟಿ ಪತ್ರದಲ್ಲಿ ‘ಹಿಂದಿನ ಸರ್ವೀಸ್ ಆದ 12 ತಿಂಗಳೊಳಗೆ’ ಎಂದಿದ್ದರೆ ಈ ಉದಾರತೆ ಅಲ್ಲಿ ನಡೆಯುವುದಿಲ್ಲ. ಜೂನ್‌ನಲ್ಲಿ ಮಾಡಿಸಿದ್ದರೆ ಮುಂದಿನದು ಜೂನ್‌ನೊಳಗೇ ಆಗಬೇಕು. ಬಾಯ್ಲರ್ ತಯಾರಕರಲ್ಲಿ ಬಹಳ ಮಂದಿ ಉದ್ದದ ವಾರಂಟಿ ಕೊಡುವಾಗ ವರ್ಷಕ್ಕೊಂದು ಸರ್ವೀಸ್ ಆಗಿರಬೇಕು, ಅದು ಪುಸ್ತಕದಲ್ಲಿ ದಾಖಲಾಗಿರಬೇಕು ಎಂಬ ಷರತ್ತು ಇಡುತ್ತಾರೆ. ಬಾಯ್ಲರ್ ಕೊಂಡ ಮೇಲೆ ನಿಗದಿತ ದಿನಗಳೊಳಗೆ ನೋಂದಣಿ ಮಾಡಿಸದಿದ್ದರೆ ವಾರಂಟಿ ಅವಧಿ ಕಡಿಮೆಯಾಗುವ ಷರತ್ತೂ ಕಾಣಸಿಗುತ್ತದೆ. ಹಾಗಾಗಿ ವಾರಂಟಿಯ ದಿನಾಂಕ, ಕಾಂಟ್ರಾಕ್ಟಿನ ದಿನಾಂಕ ಎರಡರಲ್ಲಿ ಯಾವುದು ಮೊದಲು ಬರುತ್ತದೋ ಅದನ್ನೇ ‘ಆಗಬೇಕಾದ ದಿನ’ ಎಂದು ಹಿಡಿಯುತ್ತೇನೆ.

ಹಾಳೆ ಎಂದರೆ ಸಾಧಾರಣ ಸ್ಪ್ರೆಡ್‌ಶೀಟ್. ಒಂದೊಂದು ಉಪಕರಣಕ್ಕೆ ಒಂದು ಸಾಲು. ಉಪಕರಣದ ಮಾಡೆಲ್, ಸೀರಿಯಲ್ ನಂಬರ್, ಚಾಲೂ ಮಾಡಿದ ದಿನ, ಕಾಂಟ್ರಾಕ್ಟ್ ಸಂಖ್ಯೆ, ಗಡುವುಗಳು, ಹಣ ಹೋಗುವ ಖಾತೆ. ದಿನಗಳನ್ನು ಬೆರಳಲ್ಲಿ ಎಣಿಸಬೇಡಿ. ಒಂದು ದಿನಾಂಕದಿಂದ ಇಷ್ಟು ತಿಂಗಳು ಹಿಂದೆ ಹೋಗುವ ಸೂತ್ರ ಎಲ್ಲ ಸ್ಪ್ರೆಡ್‌ಶೀಟುಗಳಲ್ಲೂ ಇದೆ. ‘ಎರಡು ತಿಂಗಳು’ ಮತ್ತು ‘60 ದಿನ’ ಒಂದೇ ಅಲ್ಲ. ಡಿಸೆಂಬರ್ 31ರಿಂದ 60 ದಿನ ಹಿಂದೆ ಹೋದರೆ ನವೆಂಬರ್ 1 ಸಿಗುತ್ತದೆ, ಎರಡು ತಿಂಗಳು ಎಂದರೆ ಅಕ್ಟೋಬರ್ 31. ಒಂದೇ ದಿನದ ವ್ಯತ್ಯಾಸ, ಆದರೆ ಗಡುವಿನ ಮುಂದೆ ಆ ಒಂದು ದಿನವೇ ಎಲ್ಲ.

ಕ್ಯಾಲೆಂಡರಿನಲ್ಲಿ ಪ್ರತಿ ವರ್ಷ ತಾನಾಗಿ ಮರುಕಳಿಸುವ ರಿಮೈಂಡರನ್ನು ನಾನು ಇಡುವುದಿಲ್ಲ. ಅದು ಬಂದಾಗ ಅಳಿಸಿಬಿಟ್ಟರೆ ಕೆಲಸ ಮುಗಿದಂತೆ ಭಾಸವಾಗುತ್ತದೆ, ಷರತ್ತು ಬದಲಾದರೂ ಹಳೆಯ ದಿನವೇ ಮತ್ತೆ ಬರುತ್ತದೆ. ಈ ವರ್ಷದ ಕೆಲಸ ಮುಗಿಸಿ, ವರದಿಯನ್ನು ಫೋಲ್ಡರಿಗೆ ಸೇರಿಸಿದ ಕೈಯಲ್ಲೇ ಮುಂದಿನ ವರ್ಷದ್ದನ್ನು ಹೊಸದಾಗಿ ಬರೆಯುತ್ತೇನೆ. ಆ ರಿಮೈಂಡರಿನೊಳಗೆ ಫೋನ್ ನಂಬರು, ಕಾಂಟ್ರಾಕ್ಟ್ ಸಂಖ್ಯೆ, ಕೇಳಬೇಕಾದ ಪ್ರಶ್ನೆ ಎಲ್ಲ ಇರುತ್ತದೆ. ನನ್ನ ಮನೆಯವರಿಗೂ ಅಕ್ಕನಿಗೂ ಅದು ಕಾಣುವಂತೆ ಹಂಚಿದ್ದೇನೆ. ನಾನು ಊರಲ್ಲಿಲ್ಲದಾಗ ಅಕ್ಕ ಅದನ್ನು ನೋಡಿ, ‘ಸರ್ವೀಸಿನವರು ನಾಡಿದ್ದು ಬರ್ತಾರಂತೆ ಕಣೋ, ಏನೇನು ಕೇಳಲಿ?’ ಎಂದು ಫೋನ್ ಮಾಡುತ್ತಾಳೆ. ಅಲ್ಲಿ ಬರೆದದ್ದನ್ನು ಓದು ಎಂದರೆ ಸಾಕಾಗುತ್ತದೆ.

ಏನು ಕೇಳಬೇಕು? ಸರ್ವೀಸ್ ಎಂದರೆ ಹೊರಗಿನ ಕವಚ ಒರೆಸಿ ಹೋಗುವುದಲ್ಲ. ಗ್ಯಾಸ್ ಬಾಯ್ಲರಾದರೆ ಉರಿಯುವಿಕೆಯ ಅಳತೆ ತೆಗೆಯಬೇಕು, ಹೊಗೆ ಹೋಗುವ ಕೊಳವೆ ನೋಡಬೇಕು, ಕಂಡೆನ್ಸಿಂಗ್ ಬಾಯ್ಲರಿನಲ್ಲಿ (ಹೊಗೆಯಲ್ಲಿನ ಹಬೆಯನ್ನು ನೀರಾಗಿಸಿ ಅದರ ಶಾಖವನ್ನೂ ಬಳಸುವ ಬಗೆ) ಆ ನೀರು ಇಳಿಯುವ ಟ್ರ್ಯಾಪ್ ತೊಳೆಯಬೇಕು, ಬಿಸಿಯಾಗಿ ಹಿಗ್ಗುವ ನೀರಿಗೆ ಜಾಗ ಕೊಡುವ ಎಕ್ಸ್‌ಪಾನ್ಷನ್ ವೆಸೆಲಿನ ಗಾಳಿಯ ಒತ್ತಡ ಪರೀಕ್ಷಿಸಬೇಕು. ಎಣ್ಣೆಯ ಬಾಯ್ಲರಾದರೆ ಎಣ್ಣೆ ಸಿಂಪಡಿಸುವ ನಾಜಲ್ ಬದಲಾಗುತ್ತದೆ. ಹೊರಗಿನ ಗಾಳಿಯ ಶಾಖವನ್ನು ಒಳಗೆ ತರುವ ಹೀಟ್ ಪಂಪಾದರೆ ಹೊರಗಿನ ಯೂನಿಟ್ಟಿನ ರೆಕ್ಕೆಗಳು, ಫಿಲ್ಟರ್, ಶೀತಕ ಸೋರಿದೆಯೇ ಎಂಬುದು ಮುಖ್ಯ. ಅಳತೆಗಳನ್ನು ವರದಿಯಲ್ಲಿ ಅಂಕಿಗಳಲ್ಲೇ ಬರೆದುಕೊಡಿ ಎಂದು ನಾನು ಕೇಳಿಕೊಳ್ಳುತ್ತೇನೆ. ಕಳೆದ ವರ್ಷದ ಅಂಕಿ ಪಕ್ಕದಲ್ಲಿದ್ದರೆ ಯಂತ್ರ ಸೋಲುತ್ತಿದೆಯೇ ಎಂದು ತಿಳಿಯಲು ಬೇರೆ ಯಾರನ್ನೂ ಕೇಳಬೇಕಾಗಿಲ್ಲ. ಕೋಣೆಗಳಲ್ಲಿ ಬಿಸಿನೀರು ಹರಿಯುವ ರೇಡಿಯೇಟರ್ ವ್ಯವಸ್ಥೆ ತಣ್ಣಗಿರುವಾಗ ಪ್ರೆಷರ್ ಸಾಮಾನ್ಯವಾಗಿ 1ರಿಂದ 1.5 ಬಾರ್ ಇರುತ್ತದೆ. ಅದನ್ನು ಆಗಾಗ ನಾನೇ ನೋಡಿ ಬರೆದಿಡುತ್ತೇನೆ, ಪದೇ ಪದೇ ಇಳಿಯುತ್ತಿದ್ದರೆ ಎಲ್ಲೋ ಸೋರುತ್ತಿದೆ.

ವರದಿಯನ್ನು ಕಾಪಾಡುವುದೂ ಕಾಂಟ್ರಾಕ್ಟಿನ ಅಂಗವೇ. ಫ್ರಾನ್ಸಿನಲ್ಲಿ 4ರಿಂದ 400 ಕಿಲೋವ್ಯಾಟ್ ಸಾಮರ್ಥ್ಯದ ಬಾಯ್ಲರುಗಳಿಗೆ ವಾರ್ಷಿಕ ನಿರ್ವಹಣೆ ಕಡ್ಡಾಯ. ಟೆಕ್ನಿಷಿಯನ್ 15 ದಿನದೊಳಗೆ ಪ್ರಮಾಣಪತ್ರ ಕೊಡಬೇಕು, ಮನೆಯವರು ಅದನ್ನು ಎರಡು ವರ್ಷ ಇಟ್ಟುಕೊಳ್ಳಬೇಕು. ನಾನು ಎರಡು ವರ್ಷಕ್ಕೆ ನಿಲ್ಲಿಸುವುದಿಲ್ಲ. ಬಾಯ್ಲರ್ ಇರುವ ತನಕ ಅದರ ಕಾಗದವೂ ಇರುತ್ತದೆ, ವಿಮೆಯವರು ಕೇಳಿದರೂ ಮನೆ ಕೊಳ್ಳುವವರು ಕೇಳಿದರೂ ತೋರಿಸಬಹುದು.

ನಿರ್ಧಾರದ ದಿನ ಬಂದಾಗ ಇದೇ ಕಾಗದಗಳನ್ನು ಹರಡಿಕೊಂಡು ಕೂರುತ್ತೇನೆ. ಕರೆದಾಗ ಎಷ್ಟು ಬೇಗ ಬಂದರು, ಕಾಂಟ್ರಾಕ್ಟಿನಲ್ಲಿ ಬಿಡಿಭಾಗವೂ ಸೇರಿದೆಯೋ ಕೂಲಿ ಮಾತ್ರವೋ, ಹಳೆಯದಾದ ಯಂತ್ರಕ್ಕೆ ಯಾವ ವಯಸ್ಸಿನ ನಂತರ ರಕ್ಷಣೆ ಕಡಿಮೆಯಾಗುತ್ತದೆ, ದರ ಏರಿದ್ದು ಯಾವ ಆಧಾರದ ಮೇಲೆ, ಎಲ್ಲ ನೋಡುತ್ತೇನೆ. ಹೊಸ ಬಾಯ್ಲರ್ ಇನ್ನೂ ವಾರಂಟಿಯಲ್ಲಿರುವಾಗ ಬಿಡಿಭಾಗ ಸೇರಿದ ದುಬಾರಿ ಕಾಂಟ್ರಾಕ್ಟ್ ಬಹುತೇಕ ಅನಗತ್ಯ. ಬರೀ ಸರ್ವೀಸಿನದು ಸಾಕು. ವಾರಂಟಿ ಮುಗಿಯುವ ವರ್ಷ ಈ ಲೆಕ್ಕ ತಿರುಗುತ್ತದೆ.

ಇದೇ ಹಾಳೆಯ ಕೆಳಗೆ ಕಾಂಟ್ರಾಕ್ಟಿಗೆ ಸೇರದ ಪುಟ್ಟ ದಿನಾಂಕಗಳಿವೆ. ಬಿಸಿಗಾಳಿಯ ವ್ಯವಸ್ಥೆಯಾದರೆ ಫಿಲ್ಟರ್ ಒಂದರಿಂದ ಮೂರು ತಿಂಗಳಿಗೊಮ್ಮೆ, ಸೌದೆ ಒಲೆಯಿದ್ದರೆ ಚಿಮಣಿ ವರ್ಷಕ್ಕೊಮ್ಮೆ. ಇವುಗಳಲ್ಲಿ ನಾನು ಎಂದಿಗೂ ಬಿಡದಿರುವುದು ಕಾರ್ಬನ್ ಮಾನಾಕ್ಸೈಡ್ ಅಲಾರ್ಮಿನದು. ಆ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅಲಾರ್ಮಿನ ಸಂವೇದಕಕ್ಕೆ ಆಯುಷ್ಯವಿದೆ, ಸಾಮಾನ್ಯವಾಗಿ 5ರಿಂದ 10 ವರ್ಷ, ಬದಲಿಸಬೇಕಾದ ದಿನ ಅದರ ಮೇಲೇ ಅಚ್ಚಾಗಿರುತ್ತದೆ. ಗುಂಡಿ ಒತ್ತಿದಾಗ ಸದ್ದು ಬಂದರೆ ಬ್ಯಾಟರಿಯೂ ಸೈರನ್ನೂ ಸರಿಯಿವೆ ಎಂದಷ್ಟೇ ಖಾತ್ರಿ, ಆಯುಷ್ಯ ಮುಗಿದ ಸಂವೇದಕವನ್ನು ಅದರಿಂದ ಗುರುತಿಸಲಾಗದು.

ಬಾಯ್ಲರನ್ನೇ ಬದಲಿಸಿದಾಗ ಅಥವಾ ಮನೆ ಬಿಟ್ಟಾಗ ಹಾಳೆಯ ಸಾಲನ್ನು ಅಳಿಸುವ ಮೊದಲು ಕಾಂಟ್ರಾಕ್ಟನ್ನು ಲಿಖಿತವಾಗಿ ಮುಗಿಸಿ, ಅದಕ್ಕೆ ಬಂದ ಉತ್ತರವನ್ನು ಇಟ್ಟುಕೊಳ್ಳಬೇಕು. ಯಂತ್ರ ಹೋದರೆ ಕಾಂಟ್ರಾಕ್ಟ್ ತಾನಾಗಿ ಹೋಗುವುದಿಲ್ಲ. ಹಳೆಯ ಸೀರಿಯಲ್ ನಂಬರಿನ ಹೆಸರಲ್ಲಿ ಹಣ ಹೋಗುತ್ತಲೇ ಇರಬಹುದು, ಹೊಸ ಬಾಯ್ಲರ್ ಯಾವ ಕಾಂಟ್ರಾಕ್ಟಿಗೂ ಸೇರದೆ ಉಳಿಯಬಹುದು. ಬ್ಯಾಂಕಿನಲ್ಲಿ ಹಣ ಕಟ್ಟಾಗುವುದನ್ನು ನಿಲ್ಲಿಸುವುದು ಕಂಪನಿಯ ಉತ್ತರ ಬಂದ ನಂತರದ ಕೆಲಸ. ಮೊದಲೇ ನಿಲ್ಲಿಸಿದರೆ ಅದು ಬಾಕಿ ಎಂದು ನಮ್ಮ ಹೆಸರಿನಲ್ಲಿ ನಿಲ್ಲುತ್ತದೆ.