ಅಡಿಕೆ ದುಡ್ಡಿಗೆ ಗಟ್ಟಿ ಚಿನ್ನ: ಮೊದಲ ಸಲ ಕೊಳ್ಳುವವರಿಗೆ

ಮಂಡಿಗೆ ಅಡಿಕೆ ಕೊಟ್ಟು ದುಡ್ಡು ಕೈಸೇರಿದ ಮೇಲೆ ಶಿವಮೊಗ್ಗದ ಗಾಂಧಿ ಬಜಾರ್ ಕಡೆ ಹೋಗುವವರು ನಮ್ಮಲ್ಲಿ ಜಾಸ್ತಿ. ಒಂದು ಸರ ಮಾಡಿಸಿಟ್ಟರೆ ಕಷ್ಟಕಾಲಕ್ಕೆ ಆಗುತ್ತದೆ ಅನ್ನುವ ಲೆಕ್ಕ. ಹಾಕಿಕೊಳ್ಳಲು ಬೇಕಿದ್ದರೆ ಸರವೇ ಸರಿ. ಬರೀ ಕೂಡಿಡಲು ಆದರೆ ಗಟ್ಟಿ ಚಿನ್ನ ವಾಸಿ. ಗಟ್ಟಿ ಅಂದರೆ ಒಡವೆಯಾಗದೆ, ತೂಕ ಮತ್ತು ಶುದ್ಧತೆಯ ಲೆಕ್ಕದಲ್ಲೇ ಕೈ ಬದಲಾಗುವ ಚಿನ್ನ ಅಥವಾ ಬೆಳ್ಳಿ. ನಾಣ್ಯ, ಬಿಸ್ಕತ್ತು, ಬಾರ್ ಎಲ್ಲವೂ ಇದರಲ್ಲೇ ಬಂತು.

ಯಾಕೆ ವಾಸಿ ಅಂತ ಒಂದು ಲೆಕ್ಕ ಹಾಕೋಣ. 1 ಲಕ್ಷ ರೂಪಾಯಿ ಚಿನ್ನದ ಸರಕ್ಕೆ ಮಜೂರಿ ನೂರಕ್ಕೆ 10 ಎಂದಿಟ್ಟುಕೊಳ್ಳಿ. ಒಟ್ಟಿನ ಮೇಲೆ ಶೇ 3 ಜಿಎಸ್‌ಟಿ ಸೇರಿ 1,13,300 ಆಯಿತು. ಅಷ್ಟೇ ಬೆಲೆಯ ಚಿನ್ನದ ನಾಣ್ಯಕ್ಕೆ ಮಜೂರಿ ನೂರಕ್ಕೆ 2 ಇದ್ದರೆ 1,05,060. ಮಾರುವ ದಿನ ಮಜೂರಿ, ತೆರಿಗೆ ಎರಡೂ ವಾಪಸ್ ಬರುವುದಿಲ್ಲ. ಸರಕ್ಕೆ ಹೆಚ್ಚಿಗೆ ಕೊಟ್ಟ 8,240 ರೂಪಾಯಿ ಸುಮ್ನೆ ಹೋದ ಹಾಗೆ, ಅಲ್ವಾ?

ಅಂಗಡಿಯಲ್ಲಿ ಮೊದಲು ಶುದ್ಧತೆ ಕೇಳಿ. ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ಕಣ್ಣಲ್ಲೇ ಅಡಿಕೆ ಅಳೆಯುವವರಿಗೆ ಇದು ಕಷ್ಟವಲ್ಲ. 999 ಅಂದರೆ ಸಾವಿರ ಭಾಗದಲ್ಲಿ 999 ಭಾಗ ಚಿನ್ನ, ಅದೇ ಅಪರಂಜಿ. 995 ಕೂಡ ಗಟ್ಟಿ ಚಿನ್ನವೇ, ಕೂದಲೆಳೆ ಕಡಿಮೆ. ಒಡವೆಯ 916 ಅಂದರೆ 22 ಕ್ಯಾರೆಟ್. ಒಡವೆಗೆ 2023ರ ಏಪ್ರಿಲ್ 1ರಿಂದ ಆರು ಅಕ್ಷರ, ಅಂಕಿಗಳ ಎಚ್‌ಯುಐಡಿ ಎಂಬ ಗುರುತು ಸಂಖ್ಯೆ ಕಡ್ಡಾಯ. ಸರ್ಕಾರದ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಅದನ್ನು ಹಾಕಿ ಅಲ್ಲೇ ನೋಡಬಹುದು. ಬಾರ್ ಆದರೆ ಮೈಮೇಲೆ ತಯಾರಿಸಿದವರ ಗುರುತು, ತೂಕ, ಶುದ್ಧತೆ, ಸರಣಿ ಸಂಖ್ಯೆ ನೋಡಿ. ಬಾರ್‌ನ ಸಂಖ್ಯೆಯೂ ಅದರ ಜೊತೆ ಬರುವ ಪ್ರಮಾಣಪತ್ರದ ಸಂಖ್ಯೆಯೂ ಒಂದೇ ಇರಬೇಕು.

ಆಮೇಲೆ ತೂಕ. ಪವನ್ ಅಂದರೆ 8 ಗ್ರಾಂ, ತೊಲ ಅಂದರೆ 11.66 ಗ್ರಾಂ. ಹೊರದೇಶದ ದರ ಹೇಳುವ ಟ್ರಾಯ್ ಔನ್ಸ್ 31.1 ಗ್ರಾಂ. ಕೆಲವರು ತೊಲ ಎಂದು ಹೇಳಿ 10 ಗ್ರಾಂ ಕೊಡುತ್ತಾರೆ. ಅದಕ್ಕೇ ಮಾತೆಲ್ಲ ಗ್ರಾಂನಲ್ಲೇ ಆಡಿ. ಒಂದೊಂದು ಗ್ರಾಂನ ಹತ್ತು ನಾಣ್ಯಕ್ಕಿಂತ 10 ಗ್ರಾಂನ ಒಂದೇ ನಾಣ್ಯಕ್ಕೆ ಮಜೂರಿ ಕಡಿಮೆ ಬೀಳುತ್ತದೆ. ಸ್ವಲ್ಪ ಸ್ವಲ್ಪವೇ ಮಾರುವ ಯೋಚನೆ ಇದ್ದರೆ ಚಿಕ್ಕವೇ ಅನುಕೂಲ. ನಾನಾದರೆ 5 ಮತ್ತು 10 ಗ್ರಾಂ ತಗೊಳ್ಳುತ್ತೇನೆ.

ಕೊಳ್ಳುವ ಮೊದಲೇ ಕೇಳಬೇಕಾದ ಮಾತು: 'ವಾಪಸ್ ತಂದರೆ ಯಾವ ದರಕ್ಕೆ ತಗೋತೀರಿ?' ಬ್ಯಾಂಕುಗಳು ನಾಣ್ಯ ಮಾರುತ್ತವೆ, ವಾಪಸ್ ಕೊಳ್ಳುವುದಿಲ್ಲ. ಅಂಗಡಿಯಲ್ಲೂ ತೊಡಕಿದೆ. ನಮ್ಮ ಅಪ್ಪಯ್ಯ ಒಂದು ದೀಪಾವಳಿಗೆ, ಲಕ್ಷ್ಮೀಪೂಜೆಯ ಹೊತ್ತಿಗೆ, ಹೊಸ ನಾಣ್ಯದ ಪ್ಯಾಕನ್ನು ಅಡಕತ್ತರಿಯಲ್ಲೇ ಸೀಳಿದರು. ನಾಣ್ಯಕ್ಕೆ ಕುಂಕುಮ ಇಟ್ಟರು. ನಾಲ್ಕು ವರ್ಷದ ಮೇಲೆ ಮಾರಲು ಹೋದರೆ ಅಂಗಡಿಯವರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. 'ಪ್ಯಾಕ್ ಒಡೆದಿದೆ ಯಜಮಾನ್ರೇ, ಟೆಸ್ಟ್ ಮಾಡಿಸಬೇಕು' ಎಂದು ದರದಲ್ಲಿ ಸ್ವಲ್ಪ ಮುರಿದುಕೊಂಡರು. ಅಂಚಿನ ಗೆರೆಯಲ್ಲಿ ಆ ಕುಂಕುಮ ಇನ್ನೂ ಕೂತಿತ್ತು. ಈಗ ನಮ್ಮನೆಯಲ್ಲಿ ಪೂಜೆ ಪ್ಯಾಕಿನ ಮೇಲೇ.

ಹಳೇ ನಾಣ್ಯದ ಮಾತೇ ಬೇರೆ. ಕೆಳದಿ ಅರಸರ ಇಕ್ಕೇರಿ ವರಹ ಸುಮಾರು 3.4 ಗ್ರಾಂ ಚಿನ್ನ ಅಷ್ಟೇ, ಆದರೆ ಅದರ ಬೆಲೆ ತೂಕದ್ದಲ್ಲ. ಅಜ್ಜಿಯ ಪೆಟ್ಟಿಗೆಯಲ್ಲಿ ಅಂಥದ್ದು ಸಿಕ್ಕರೆ ದಯವಿಟ್ಟು ಕರಗಿಸಬೇಡಿ. ಬಲ್ಲವರಿಗೆ ತೋರಿಸಿ.

ಬೆಳ್ಳಿ ಅಗ್ಗ ನಿಜ, ಆದರೆ ಜಾಗ ತಿನ್ನುತ್ತದೆ. ಒಂದೇ ತೂಕಕ್ಕೆ ಚಿನ್ನದ ಸುಮಾರು ಎರಡರಷ್ಟು ಗಾತ್ರ, ಅದರ ಮೇಲೆ ಒಂದೇ ಬೆಲೆಗೆ ಎಷ್ಟೋ ಪಟ್ಟು ತೂಕ ಬೇಕು. ಮಲೆನಾಡಿನ ಮಳೆಗಾಲದ ಥಂಡಿಯಲ್ಲಿ ಬೇಗ ಕಪ್ಪಾಗುತ್ತದೆ. ರಬ್ಬರ್ ಬ್ಯಾಂಡ್ ಸುತ್ತಲೇಬೇಡಿ, ರಬ್ಬರಿನ ಗಂಧಕ ಬೆಳ್ಳಿಯನ್ನು ಕಪ್ಪು ಮಾಡುತ್ತದೆ. ಗಾಳಿಯಾಡದ ಡಬ್ಬಿಯಲ್ಲಿಡಿ. ಮನೆಯಲ್ಲಿ ಇಡಲು ಭಯವಾದರೆ ಷೇರಿನ ಹಾಗೆ ಕೊಳ್ಳುವ, ಚಿನ್ನದ ಬೆಲೆಯ ಜೊತೆ ಏರಿಳಿಯುವ ಗೋಲ್ಡ್ ಇಟಿಎಫ್ ಇದೆ, ಅದಕ್ಕೆ ಡಿಮ್ಯಾಟ್ ಖಾತೆ (ಷೇರು ಇಡುವ ಖಾತೆ) ಬೇಕು.

ಬಿಲ್ ಇಲ್ಲದೆ ಗ್ರಾಂ ಚಿನ್ನವೂ ಬೇಡ. 2 ಲಕ್ಷ ದಾಟಿದರೆ ಪ್ಯಾನ್ ಕೊಡಬೇಕು, ಅಷ್ಟು ನಗದು ಕೊಡುವಂತಿಲ್ಲ. ಮಾರುವಾಗ ಕೊಂಡು 24 ತಿಂಗಳು ದಾಟಿದೆ ಎಂದು ತೋರಿಸಿದರೆ ಲಾಭದ ಮೇಲೆ ತೆರಿಗೆ ಶೇ 12.5. ಅದಕ್ಕೆ ಬಿಲ್ಲಿನ ತಾರೀಕೇ ಆಧಾರ. ಈಗಿನ ಥರ್ಮಲ್ ಕಾಗದದ ಅಕ್ಷರ ವರ್ಷ ಎರಡರಲ್ಲಿ ಮಾಸಿಹೋಗುತ್ತದೆ. ಬಸ್ ಹತ್ತುವ ಮೊದಲೇ ಒಂದು ಜೆರಾಕ್ಸ್ ಮಾಡಿಸಿಕೊಳ್ಳಿ.