ಓದಿದ್ದು ತಲೆಗೆ ಹೋಯ್ತಾ? ಮಗು ಬಾಯಲ್ಲೇ ಕಥೆ ಹೇಳಿಸಿ ನೋಡಿ

ಪಾಠ ಓದಿಸಿ 'ಅರ್ಥ ಆಯ್ತಾ' ಅಂದ್ರೆ ಇಡೀ ಕ್ಲಾಸು ಹೂಂ ಅನ್ನುತ್ತೆ. ಪ್ರಶ್ನೆ ಕೇಳಿದ್ರೂ ಅಷ್ಟೇ, ಎಷ್ಟೋ ಮಕ್ಕಳು ಪ್ರಶ್ನೇಲಿರೋ ಪದಾನ ಪುಸ್ತಕದಲ್ಲಿ ಹುಡುಕಿ ಆ ಸಾಲನ್ನೇ ಓದಿಬಿಡ್ತಾರೆ. ಪುಸ್ತಕ ಮುಚ್ಚಿಸಿ ಕಥೆ ಹೇಳು ಅನ್ನಿ, ಆಗ ಗೊತ್ತಾಗುತ್ತೆ.

ಮೊದಲು ಕಥೆ ಆರಿಸ್ಕೊಳ್ಳಿ. ಚಿಕ್ಕದಿರಲಿ, ಮಗು ಮುಂಚೆ ಕೇಳಿರಬಾರದು, ಕೇಳಿದ್ರೆ ಓದದೇನೇ ಹೇಳಿಬಿಡುತ್ತೆ. ಯಾರಿಗೋ ಒಂದು ತೊಂದರೆ ಬಂದು ಅದಕ್ಕವರು ಏನಾದ್ರೂ ಮಾಡೋ ಥರದ ಕಥೆ ಬೇಕು, ಬರೀ ವರ್ಣನೆ ಆದ್ರೆ ಹಿಡ್ಕೊಳ್ಳೋಕೆ ಎಳೆ ಸಿಗಲ್ಲ.

ಸೀದಾ ಪರೀಕ್ಷೆ ಶುರು ಮಾಡ್ಬೇಡಿ. ನೀವೇ ಒಂದು ಕಥೆ ಓದಿ, ಪುಸ್ತಕ ಮುಚ್ಚಿ, ಯಾರು, ಎಲ್ಲಿ, ಏನು ತೊಂದರೆ, ಏನು ಮಾಡಿದ್ರು, ಕೊನೆಗೇನಾಯ್ತು ಅಂತ ಹೇಳಿ ತೋರಿಸಿ. ಆಮೇಲೆ ಎಲ್ಲರೂ ಸೇರಿ ಒಂದು, ಆಮೇಲೆ ಇಬ್ಬಿಬ್ಬರಾಗಿ. ಜೋಡೀಲಿ ಕೇಳೋ ಮಗು ಆ ಕಥೆ ಓದಿರಬಾರದು, ಟೀಚರಿಗೆ ಹೇಗೂ ಗೊತ್ತಲ್ಲ ಅಂತ ಮಕ್ಕಳು ಅರ್ಧ ನುಂಗಿಬಿಡ್ತಾರೆ, ಗೊತ್ತಿಲ್ಲದವರಿಗಾದ್ರೆ ಬಿಡಿಸಿ ಹೇಳಲೇಬೇಕಾಗುತ್ತೆ.

ಇನ್ನು ಅಳೆಯೋದು. 'ಏನಾಯ್ತು, ಹೇಳು' ಅಂತ ಬಿಟ್ಟು ಸುಮ್ನೆ ಕೂತ್ಕೊಳ್ಳಿ. ಮಗು ತಡವರಿಸಿದ್ರೆ 'ಮತ್ತೆ?' ಅನ್ನಿ ಸಾಕು, ತಿದ್ದೋಕೆ ಹೋಗ್ಬೇಡಿ. ಅದು ತಾನಾಗೇ ನಿಲ್ಲಿಸಿದ ಮೇಲೆ ಬಿಟ್ಟು ಹೋದದ್ದನ್ನ ಕೇಳಿ. ತಾನಾಗಿ ಹೇಳಿದ್ದು, ಕೇಳಿದ್ಮೇಲೆ ಹೇಳಿದ್ದು ಎರಡನ್ನೂ ಬೇರೆ ಬೇರೆ ಬರ್ಕೊಳ್ಳಿ, ಕೇಳಿದ ತಕ್ಷಣ ಪಟಪಟ ಅಂತ ಹೇಳೋ ಮಗುವಿಗೆ ಕಥೆ ಅರ್ಥ ಆಗಿದೆ, ಜೋಡಿಸಿ ಹೇಳೋಕೆ ಬರ್ತಿಲ್ಲ ಅಷ್ಟೇ.

ಮಾರ್ಕ್ಸು ಬೇಕಂದ್ರೆ ಮೇಲಿನ ಐದು ಅಂಶಕ್ಕೂ 0, 1, 2 ಅಂತ ಹಾಕಿ. ಆದ್ರೆ ನನ್ನ ಕೇಳಿದ್ರೆ ಇವೆಲ್ಲಕ್ಕಿಂತ ಮುಖ್ಯ 'ಯಾಕೆ' ಅನ್ನೋದು. ಉದಾಹರಣೆಗೆ ಒಂದು ಕಥೆ: ಹುಡುಗಿ ಆಡಿನ ಕೊರಳ ಗಂಟೆ ಬಿಚ್ಚಿ ಆಟ ಆಡ್ತಾಳೆ, ಸಂಜೆ ಆಡು ಪೊದೇಲಿ ಸಿಕ್ಕಾಕೊಳ್ಳುತ್ತೆ, ಸದ್ದೇ ಇಲ್ಲ, ಹುಡುಕಿ ಹುಡುಕಿ ಸಾಕಾಗುತ್ತೆ. ಒಂದು ಮಗು 'ಗಂಟೆ ಬಿಚ್ಚಿದ್ಲು, ಆಮೇಲೆ ಆಡು ಪೊದೆಗೆ ಹೋಯ್ತು, ಆಮೇಲೆ ಹುಡುಕಿದ್ರು' ಅಂತ ಒಂದೂ ಬಿಡದೆ ಒಪ್ಪಿಸುತ್ತೆ. ಇನ್ನೊಂದಕ್ಕೆ ಪೊದೆ ಮರೆತೇ ಹೋಗಿದೆ, ಆದ್ರೆ 'ಗಂಟೆ ಇರ್ಲಿಲ್ವಲ್ಲ, ಅದಕ್ಕೇ ಆಡು ಎಲ್ಲಿದೆ ಅಂತ ಗೊತ್ತಾಗ್ಲಿಲ್ಲ' ಅನ್ನುತ್ತೆ. ಕಥೆ ಹಿಡಿದಿದ್ದು ಈ ಎರಡನೇ ಮಗು. ಮೊದಲನೇದಕ್ಕೆ 'ಈಗ ನೀನೇ ಆ ಆಡು ಅಂದ್ಕೊಂಡು ಕಥೆ ಹೇಳು ನೋಡೋಣ' ಅನ್ನಿ, ಬಾಯಿಪಾಠವೋ ಅಲ್ಲವೋ ಅಲ್ಲೇ ಗೊತ್ತಾಗುತ್ತೆ.

ಸಣ್ಣಪುಟ್ಟ ಬದಲಾವಣೆಗೆಲ್ಲ ಮಾರ್ಕ್ಸು ಕಟ್ ಮಾಡ್ಬೇಡಿ. ಪರಿಚಯ ಇಲ್ಲದ ಕಥೇನ ಮತ್ತೆ ಹೇಳುವಾಗ ದೊಡ್ಡವರೂ ಅದನ್ನ ಮೊಟಕು ಮಾಡಿ, ವಿಚಿತ್ರ ಅನ್ನಿಸಿದ್ದನ್ನ ತಮಗೆ ಗೊತ್ತಿರೋದಕ್ಕೆ ಹೊಂದಿಸ್ಕೊಳ್ತಾರೆ ಅಂತ ಮನೋವಿಜ್ಞಾನಿ ಫ್ರೆಡರಿಕ್ ಬಾರ್ಟ್ಲೆಟ್ 1932ರಲ್ಲೇ ಬರೆದಿದ್ರು.

ನಾಚ್ಕೊಳ್ಳೋ ಮಗು, ಭಾಷೆ ಇನ್ನೂ ಕಲೀತಿರೋ ಮಗು ಇದ್ರೆ ಚಿತ್ರ ಬರೆದು ತೋರಿಸಲಿ, ಮನೆಮಾತಲ್ಲೇ ಹೇಳಲಿ. ಇಲ್ಲಾಂದ್ರೆ ನೀವು ಓದನ್ನ ಬಿಟ್ಟು ಮಾತುಗಾರಿಕೆಗೆ ಮಾರ್ಕ್ಸು ಕೊಟ್ಟ ಹಾಗಾಗುತ್ತೆ. ಮುಂದಿನ ಸಲ ಅಷ್ಟೇ ಕಷ್ಟದ ಬೇರೆ ಕಥೆ ಕೊಡಿ, ಹಳೇದನ್ನೇ ಕೊಟ್ರೆ ನೆನಪಿನ ಪರೀಕ್ಷೆ ಆಗಿಬಿಡುತ್ತೆ.