ನೇತ್ರಾಣಿ ತಳದ ಮೀನು ಗುರುತು ಹಿಡಿಯೋದು: ನನ್ನ ಅನುಭವ

ಮುರ್ಡೇಶ್ವರದಿಂದ ಬೋಟಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಿ ಡೈವ್ ಮಾಡಿ ಬಂದೋರು ಹೇಳೋದೆಲ್ಲ ಚಿಟ್ಟೆಮೀನು, ಗಿಳಿಮೀನಿನ ಸುದ್ದಿ. ನಂಗೆ ಹುಚ್ಚಿರೋದು ತಳದಲ್ಲಿ ಕಲ್ಲಿಗೆ ಒತ್ಕೊಂಡು ಅಲ್ಲಾಡದೆ ಕೂತಿರ್ತಾವಲ್ಲ, ಅವುಗಳದ್ದು.

ಇವನ್ನ ಬಣ್ಣ ನಂಬಿ ಗುರುತು ಹಿಡಿಯೋಕಾಗಲ್ಲ ಮಾರಾಯ್ರೆ. ಸ್ವಲ್ಪ ಆಳಕ್ಕೆ ಇಳೀತಿದ್ದಂಗೆ ಕೆಂಪು ಮಾಯ ಆಗಿ ಎಲ್ಲಾ ಬೂದು ಬೂದು, ಟಾರ್ಚ್ ಬಿಟ್ರೆ ಅದೇ ಮೀನು ಕೆಂಪಗೆ ಹೊಳೀತದೆ, ಅದರ ಮೇಲೆ ಎಷ್ಟೋ ಜಾತಿ ಕೂತ ಜಾಗಕ್ಕೆ ತಕ್ಕಂಗೆ ಬಣ್ಣಾನೂ ಬದಲಿಸ್ತಾವೆ. ಹಾಗಾಗಿ ನಾನು ಮೊದ್ಲು ನೋಡೋದು ಕೂತಿರೋ ಗತ್ತು, ಆಮೇಲೆ ಬೆನ್ನಿನ ರೆಕ್ಕೆ. ಹೊಟ್ಟೆ ಕೆಳಗಿನ ರೆಕ್ಕೆ ಊರಿ ಎದೆ ಎತ್ತಿ ಕೂತಿದೆ, ಬಾಯಿ ಕಣ್ಣಿಂದ ಆಚೆವರೆಗೂ ಸೀಳಿದೆ ಅಂದ್ರೆ ಲಿಝಾರ್ಡ್‌ಫಿಶ್. ಬೆರಳುದ್ದದ ಮೀನಾದ್ರೆ ಗೋಬಿನಾ ಬ್ಲೆನ್ನಿನಾ ಅನ್ನೋದೇ ತಲೆಬಿಸಿ. ಗೋಬಿಗೆ ಬೆನ್ನಲ್ಲಿ ಎರಡು ಬೇರೆ ಬೇರೆ ರೆಕ್ಕೆ, ಬ್ಲೆನ್ನಿಗೆ ಸಾಮಾನ್ಯವಾಗಿ ಒಂದೇ ಉದ್ದ ರೆಕ್ಕೆ, ಎಷ್ಟೋ ಬ್ಲೆನ್ನಿಗೆ ಕಣ್ಣಿನ ಮೇಲೆ ಸಣ್ಣ ಜುಟ್ಟೂ ಇರ್ತದೆ. ಮರಳಲ್ಲಿ ತೂತಿನ ಬಾಯಲ್ಲಿ ಕಾವಲು ಕೂತು, ಪಕ್ಕದಲ್ಲೇ ಸೀಗಡಿ ಮಣ್ಣು ಹೊರಗೆ ತಳ್ತಾ ಇದ್ರೆ ಯೋಚನೆ ಮಾಡೋದೇ ಬೇಡ, ಗೋಬಿ. ಆ ಸೀಗಡಿಗೆ ಕಣ್ಣು ಅಷ್ಟಕ್ಕಷ್ಟೆ, ಮೀಸೆ ಗೋಬಿ ಮೈಗೆ ತಾಗಿಸ್ಕೊಂಡೇ ಕೆಲಸ ಮಾಡ್ತದೆ, ಗೋಬಿ ಬಾಲ ಪಟಪಟ ಅಂದ್ರೆ ಎರಡೂ ಒಳಗೆ!

ಸ್ಕಾರ್ಪಿಯನ್‌ಫಿಶ್ ಮಾತ್ರ ದೂರದಿಂದ. ತಲೆ ತುಂಬ ಮುಳ್ಳು, ಚರ್ಮದ ಚೂರುಗಳು ಜೋತಾಡ್ತಿರ್ತಾವೆ, ಬೆನ್ನಿನ ಮುಳ್ಳಲ್ಲಿ ವಿಷ. ತೇಲೋದು ಕಂಟ್ರೋಲಿಗೆ ಬರದೆ ಕಲ್ಲಿಗೆ ಕೈ ಊರೋರು ಈ ಹವ್ಯಾಸಕ್ಕೆ ಇಳೀಬೇಡಿ.

ರೆಕ್ಕೆ ನೋಡೋ ಅಭ್ಯಾಸ ಆಗಿದ್ದು ಕಾರವಾರದ ಮೀನು ಮಾರ್ಕೆಟಲ್ಲಿ. ಅಲ್ಲಿ ಮೀನು ಓಡಲ್ವಲ್ಲ, ರೆಕ್ಕೆ ಬಿಡಿಸಿ ನೋಡ್ಬಹುದು, ಮಾರೋ ಅಕ್ಕ ಬೈದ್ರೆ ಅರ್ಧ ಕೇಜಿ ತಗೊಂಡ್ರಾಯ್ತು. ನಂಗು ಅನ್ನೋ ಚಪ್ಪಟೆ ಮೀನಿನ ಎರಡೂ ಕಣ್ಣು ಎಡಬದಿಗೇ ಇರೋದನ್ನ ಗಮನಿಸಿದ್ದೂ ಅಲ್ಲೇ.

ಕ್ಯಾಲಿಫೋರ್ನಿಯಾ ಕಡೆ ಕೆಲ್ಪ್ ಅನ್ನೋ ದೊಡ್ಡ ಕಡಲಪಾಚಿಯ ಕಾಡಲ್ಲಿ ಡೈವ್ ಮಾಡೋರಿಗೂ ಇದೇ ದಾರಿ. ಕೆಲ್ಪ್‌ಗೆ ತಣ್ಣೀರು ಬೇಕು, ನಮ್ಮ ಬೆಚ್ಚಗಿನ ಕಡಲಲ್ಲಿ ಅದಿಲ್ಲ, ಮೀನೂ ಬೇರೆ. ಅಲ್ಲಿನ ಕ್ಯಾಬೆಝಾನ್‌ಗೆ ಮೈಮೇಲೆ ಹುರುಪೆ ಇಲ್ಲ, ಮೂತಿ ಮೇಲೊಂದು ಚರ್ಮದ ಚೂರು, ಬ್ಲಾಕ್‌ಐ ಗೋಬಿಗೆ ಮುಂದಿನ ಬೆನ್ನುರೆಕ್ಕೆಗೆ ಕಪ್ಪು ಅಂಚು.

ಫೋಟೋ ತೆಗೆಯೋದಾದ್ರೆ ಮೇಲಿಂದ ಬೇಡ, ಪಕ್ಕದಿಂದ ತೆಗೀರಿ, ರೆಕ್ಕೆ ಎತ್ತೋವರೆಗೆ ಕಾಯಿರಿ. ಕಲ್ಲಿನ ತೂತಿಂದ ಬರೀ ಜುಟ್ಟಿರೋ ತಲೆ ಕಂಡ್ರೆ ನಾನು ನೀರೊಳಗೆ ಬರೆಯೋ ಸ್ಲೇಟಲ್ಲಿ "ಬ್ಲೆನ್ನಿ" ಅಂತಷ್ಟೇ ಬರ್ಕೊಂಡು ಮುಂದೆ ಹೋಗ್ತೀನಿ, ಜಾತಿ ಹೆಸರಿಗೆ ಜಗ್ಗಾಡಲ್ಲ.